ಅರಿಕುಠಾರದ ರಥಬೀದಿ

ಚಾಮರಾಜನಗರದ ರಥಬೀದಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1818ರಿಂದ ಆರಂಭಿಸುವುದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಖಾಸಾ ಚಾಮರಾಜ ಒಡೆಯರ ಜನ್ಮಸ್ಥಳವಾದ ಅರಿಕುಠಾರಕ್ಕೆ ಚಾಮರಾಜನಗರವೆಂದು ನಾಮಕರಣ ಮಾಡಿದುದು ಆ ವರ್ಷದಲ್ಲಿ. ತಂದೆಯ ಹೆಸರಿನ ಚಾಮರಾಜೇಶ್ವರ ದೇವಾಲಯವನ್ನು ಅವರು 1826ರಲ್ಲಿ ಕಟ್ಟಿಸಿದರು. ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು ಅಲ್ಲಿಯ ದೇವಿಗೆ ಸಂದಿತು. ಈ ದೇವಾಲಯದ ತೇರು ಸಾಗುವ ಬೀದಿಯೇ ರಥಬೀದಿ.

ಆದರೆ ಅರಸರು ಹೆಸರಿಟ್ಟ ದಿನ ಊರು ಹುಟ್ಟುವುದಿಲ್ಲ. ಅರಿಕುಠಾರದ ಪಾರ್ಶ್ವನಾಥ ಬಸದಿಯ ಶಾಸನದ ಕಾಲ 1117. ಎಂದರೆ ನಾಮಕರಣಕ್ಕಿಂತ ಏಳುನೂರು ವರ್ಷಗಳ ಹಿಂದಿನದು. ಬಸದಿಯನ್ನು ಕಟ್ಟಿಸಿದ ಪುಣಿಸನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ತೋಡರನ್ನು ಬೆದರಿಸಿ ನೀಲಗಿರಿಯನ್ನು ಗೆದ್ದ ಅವನ ಪರಾಕ್ರಮವನ್ನು ಶಾಸನವು ವರ್ಣಿಸುತ್ತದೆ. ಅದಕ್ಕಿಂತಲೂ ಗಮನಾರ್ಹವಾದುದು ಇನ್ನೊಂದು ಮಾತು: ಬಂಡವಾಳ ಕಳೆದುಕೊಂಡ ವರ್ತಕನಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೂ ಅವನು ಆಸರೆಯಾದನಂತೆ. ಪ್ರಶಸ್ತಿಯಲ್ಲಿ ಅತಿಶಯೋಕ್ತಿ ಸಹಜವೇ. ಆದರೂ ವ್ಯಾಪಾರ ಬೇಸಾಯಗಳ ಏಳುಬೀಳು ಕಲ್ಲಿನಲ್ಲಿ ಬರೆಯಿಸತಕ್ಕ ವಿಷಯವಾಗಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ.

ಇಲ್ಲಿ ನೆರೆಯ ಗುಂಡ್ಲುಪೇಟೆಯನ್ನು ಹೋಲಿಸಿ ನೋಡಬಹುದು. ವಿಜಯಪುರವೆಂಬ ಪೂರ್ವನಾಮವಿದ್ದ ಆ ಊರಿನಲ್ಲಿ ಚಿಕ್ಕದೇವರಾಜ ಒಡೆಯರು (1673–1704) ತಮ್ಮ ತಂದೆಯ ಸ್ಮರಣಾರ್ಥವಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಎರಡು ಊರುಗಳಲ್ಲಿಯೂ ಸಂಕಲ್ಪ ಒಂದೇ, ಪಿತೃಭಕ್ತಿಯೂ ಒಂದೇ. ಫಲ ಮಾತ್ರ ಬೇರೆಯಾಯಿತು. ಗುಂಡ್ಲುಪೇಟೆಯ ಪೇಟೆಯು ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳನ್ನು ಹಿಡಿದು ಬೆಳೆಯಿತು. ಪರವಾಸುದೇವ ದೇವಾಲಯವು ಬಹುಕಾಲ ಶಿಥಿಲಾವಸ್ಥೆಯಲ್ಲಿ ಉಳಿಯಿತು. ಚಾಮರಾಜನಗರದ ಬೀದಿಯಾದರೋ ಜನರ ನಡೆನುಡಿಗಳೊಡನೆ ಬೆರೆತುಹೋಯಿತು. ಶುಭಕಾರ್ಯಗಳಿಗೆ ವರ್ಜ್ಯವೆನ್ನುವ ಆಷಾಢದಲ್ಲಿಯೇ ಇಲ್ಲಿ ರಥೋತ್ಸವ. ನವದಂಪತಿಗಳು ಬಂದು ತೇರಿಗೆ ಹಣ್ಣು ಜವನ ಎಸೆಯುವುದು ವಾಡಿಕೆ.

2017ರಲ್ಲಿ ರಥವು ಬೆಂಕಿಗೆ ತುತ್ತಾದಾಗ ಈ ನಂಟಿನ ಬಲವು ಪರೀಕ್ಷೆಗೆ ಒಳಗಾಯಿತು. ಕೆಲವು ವರ್ಷ ಬೀದಿಯಿದ್ದಿತು, ತೇರಿರಲಿಲ್ಲ. 2022ರಲ್ಲಿ ಹೊಸ ರಥವನ್ನು ಎಳೆದರು. ಆದುದರಿಂದ ನಮ್ಮ ವಿದ್ಯಾರ್ಥಿಗಳು ಬೀದಿಯ ಚರಿತ್ರೆಯನ್ನು ಅರಸರ ದಾನದಲ್ಲಿ ಮಾತ್ರ ಹುಡುಕಿದರೆ ಸಾಲದು. ಅದನ್ನು ಬಳಸಿ ಉಳಿಸಿಕೊಂಡ ಜನರಲ್ಲಿಯೂ ಹುಡುಕಬೇಕು.