ಕೃಪೆ, ಕೃಪಾಂಕ, ವರಪ್ರಸಾದ

‘ಕೃಪೆ’ ಎಂಬ ಶಬ್ದ ಇಂದಿನ ಕನ್ನಡದಲ್ಲಿ ಹೆಚ್ಚಾಗಿ ಸಮಾಸಗಳ ಒಳಗೆ ಬದುಕಿಕೊಂಡಿದೆ. ಪತ್ರಿಕೆಯ ಛಾಯಾಚಿತ್ರದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ‘ಚಿತ್ರಕೃಪೆ’ಯಲ್ಲಿ ಅದು ಋಣದ ಅಂಗೀಕಾರ, ಯಕ್ಷಗಾನ ಮೇಳಗಳ ಹೆಸರಿನಲ್ಲಿ ಬರುವ ‘ಕೃಪಾಪೋಷಿತ’ದಲ್ಲಿ ಕ್ಷೇತ್ರದೇವತೆಯ ಆಶ್ರಯ, ‘ಕೃಪಾಂಕ’ದಲ್ಲಾದರೋ ಉತ್ತೀರ್ಣತೆಯ ಗೆರೆಗೆ ಕೊಂಚ ಕೆಳಗೆ ಉಳಿದ ವಿದ್ಯಾರ್ಥಿಯನ್ನು ಮೇಲೆತ್ತುವ ನಾಲ್ಕಾರು ಅಂಕ. ಗಳಿಸದೆ ದೊರೆತದ್ದು ಎಂಬ ಅರ್ಥ ಈ ಮೂರನೆಯದರಲ್ಲಿ ನಿಚ್ಚಳವಾಗಿರುವುದರಿಂದ ಕ್ರೈಸ್ತ ನಂಬಿಕೆಯ ಕೃಪೆಗೆ ಇದೇ ಹತ್ತಿರದ್ದೆಂದು ತೋರುತ್ತದೆ. ಆದರೆ ಆ ನಂಬಿಕೆಯನ್ನು ಅರಿಯಹೊರಟವರನ್ನು ದಾರಿ ತಪ್ಪಿಸುವುದೂ ಇದೇ.

ಸಂಸ್ಕೃತದಲ್ಲಿ ‘ಕೃಪಾ’ ಎಂಬುದು ಮರುಗುವುದನ್ನು ಸೂಚಿಸುವ ಧಾತುವಿನಿಂದ ಬಂದಿದ್ದು, ಮರುಕಕ್ಕೆ ಪಾತ್ರನಾದ ದೀನನನ್ನೂ, ಮುಂದೆ ಅರ್ಥ ಜಾರಿ ಜಿಪುಣನನ್ನೂ ಹೇಳುವ ‘ಕೃಪಣ’ ಅದರ ಒಡಹುಟ್ಟು ಎಂಬುದು ಭಾಷೆಯ ಒಂದು ವಿನೋದ. ಮಹಾಭಾರತದ ಕೃಪಾಚಾರ್ಯನ ಹೆಸರಿನ ಹಿಂದೆಯೂ ಇದೇ ಶಬ್ದವಿದೆ: ಕಾಡಿನಲ್ಲಿ ಅನಾಥವಾಗಿ ಬಿದ್ದಿದ್ದ ಅವಳಿ ಶಿಶುಗಳನ್ನು ಶಂತನು ಮರುಕದಿಂದ ಅರಮನೆಗೆ ತಂದು ಸಾಕಿದ್ದರಿಂದ ಅವು ಕೃಪ ಮತ್ತು ಕೃಪಿ ಎನಿಸಿದವು. ಎತ್ತಿಕೊಳ್ಳುವ ಹೊತ್ತಿಗೆ ಆ ಕೂಸುಗಳಿಗೆ ಯಾವ ಅರ್ಹತೆಯೂ ಇರಲಿಲ್ಲ, ಅವು ಬೇಡಿಕೊಂಡದ್ದೂ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು, ಬಳಿಕ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡದಲ್ಲಿ ಬೈಬಲ್ ಕೆಲಸಕ್ಕೆ ತೊಡಗಿದಾಗ, ಭಕ್ತಿಪಂಥಗಳ ಬಾಯಲ್ಲಿ ಪಳಗಿದ್ದ ಇಂಥ ಶಬ್ದಗಳು ನಾಡಿನಲ್ಲಿ ಸಿದ್ಧವಾಗಿದ್ದವು. ಪ್ರಾಟೆಸ್ಟಂಟ್ ಬೈಬಲಿನ ‘ಕೃಪೆ’ ಎರಡು ಹೊರೆಗಳನ್ನು ಒಟ್ಟಿಗೆ ಹೊತ್ತಿದೆ. ಒಂದು ಹೀಬ್ರೂವಿನ ‘ಹೆಸೆದ್’, ಎಂದರೆ ಒಡಂಬಡಿಕೆ ಮಾಡಿಕೊಂಡವನು ಎದುರಿನವನು ಮಾತು ಮುರಿದರೂ ತಾನು ಮುರಿಯದೆ ಉಳಿಸಿಕೊಳ್ಳುವ ನಿಷ್ಠೆ. 136ನೆಯ ಕೀರ್ತನೆಯ 26 ವಚನಗಳಲ್ಲಿಯೂ ಪಲ್ಲವಿಯಾಗಿ ಬರುವುದು ಇದೇ. ಇನ್ನೊಂದು ಗ್ರೀಕಿನ ‘ಖಾರಿಸ್’, ಅದಕ್ಕೆ ಉಡುಗೊರೆ ಎಂಬ ಅರ್ಥವೂ ಉಡುಗೊರೆ ಪಡೆದವನು ಸಲ್ಲಿಸುವ ಕೃತಜ್ಞತೆ ಎಂಬ ಅರ್ಥವೂ ಇದೆ. ಆದ್ದರಿಂದ ಪತ್ರಿಕೆಗಳ ‘ಚಿತ್ರಕೃಪೆ’ ತನಗರಿವಿಲ್ಲದೆಯೇ ಸಂತ ಪೌಲನ ಶಬ್ದದ ಒಂದು ಅಂಚನ್ನು ಮುಟ್ಟುತ್ತದೆ ಎನ್ನಬಹುದು. ಕನ್ನಡ ಕಥೋಲಿಕರು ಇದಕ್ಕೇ ‘ವರಪ್ರಸಾದ’ ಎನ್ನುತ್ತಾರೆ ಮತ್ತು ಜಪಸರದ ಪ್ರಾರ್ಥನೆಯಲ್ಲಿ ಮಾತೆ ಮರಿಯಳನ್ನು ವರಪ್ರಸಾದಪೂರ್ಣೆ ಎಂದು ಕರೆಯುತ್ತಾರೆ. ಪುರಾಣಗಳಲ್ಲಿ ವರ ದೊರೆಯುವುದು ಬಹುಮಟ್ಟಿಗೆ ತಪಸ್ಸಿನ ಫಲವಾಗಿ. ಪ್ರಸಾದವಾದರೋ ಸಾಲಿನಲ್ಲಿ ಕೈಯೊಡ್ಡಿದ ಎಲ್ಲರಿಗೂ ಸಿಗುವಂಥದು. ಗಳಿಕೆ ಮತ್ತು ಕೊಡುಗೆ ಒಂದೇ ಸಮಾಸದಲ್ಲಿ ಹೀಗೆ ಮೈಗೆ ಮೈ ತಾಗಿಸಿ ಕುಳಿತಿವೆ.

ಈ ಎರಡರ ನಡುವಿನ ಜಗಳವೇ ಪಶ್ಚಿಮದ ಕ್ರೈಸ್ತ ಚಿಂತನೆಯ ದೊಡ್ಡ ಅಧ್ಯಾಯ. ಮನುಷ್ಯ ತನ್ನ ಸ್ವಂತ ಸಂಕಲ್ಪದಿಂದಲೇ ಒಳಿತಿನ ಕಡೆಗೆ ತಿರುಗಬಲ್ಲ ಎಂಬ ಪೆಲಾಜಿಯಸ್‌ನ ನಿಲುವನ್ನು ಅಗಸ್ಟೀನ್ ಕಟುವಾಗಿ ವಿರೋಧಿಸಿದ. ತಿರುಗುವ ಆ ಇಚ್ಛೆಯೂ ಕೊಡುಗೆಯೇ ಎಂದು ಆತ ವಾದಿಸಿದ, ಮತ್ತು 418ರ ಕಾರ್ಥೇಜ್ ಸಭೆ ಪೆಲಾಜಿಯಸ್‌ನ ಬೋಧನೆಯನ್ನು ಖಂಡಿಸಿತು. ಆದರೂ ಮಧ್ಯಯುಗದ ಕೊನೆಗೆ ಗೇಬ್ರಿಯೆಲ್ ಬೀಲ್ ಮೊದಲಾದವರು, ತನ್ನ ಕೈಲಾದುದನ್ನು ಮಾಡಿದವನಿಗೆ ದೇವರು ಕೃಪೆಯನ್ನು ನಿರಾಕರಿಸುವುದಿಲ್ಲ ಎಂಬ ಸೂತ್ರವನ್ನು ಎತ್ತಿ ಹಿಡಿದರು. ಇದು ಅಪ್ಪಟ ಕೃಪಾಂಕದ ತರ್ಕ: ಮೊದಲು ಗೆರೆಯ ಸಮೀಪಕ್ಕಾದರೂ ಬಾ, ಕೊರತೆಯನ್ನು ಮಂಡಳಿ ತುಂಬಿಕೊಡುತ್ತದೆ. ಲೂಥರನ ದಂಗೆ ನಡೆದದ್ದು ಮುಖ್ಯವಾಗಿ ಈ ತರ್ಕದ ವಿರುದ್ಧ, ಏಕೆಂದರೆ ಕೈಲಾದುದೆಲ್ಲವನ್ನೂ ಮಾಡಿದೆನೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಸನ್ಯಾಸಿಯಾಗಿದ್ದ ಆತನನ್ನು ಹಿಂಡಿತ್ತು. ಆರಂಭ ದೇವರ ಕೃಪೆಯದೇ ಎಂದು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆಯೂ ಹೇಳಿತು. ಆದರೂ ಲೂಥರನ್ ಮತ್ತು ಕಥೋಲಿಕ ಪಕ್ಷಗಳು ಒಂದು ಜಂಟಿ ಘೋಷಣೆಗೆ ಸಹಿ ಹಾಕಲು 1999ರ ಅಕ್ಟೋಬರ್ 31ರವರೆಗೆ, ಆಗ್ಸ್‌ಬರ್ಗ್ ನಗರದವರೆಗೆ ಕಾಯಬೇಕಾಯಿತು.

ಎಸ್ಸೆಸ್ಸೆಲ್ಸಿಯ ಕೃಪಾಂಕವನ್ನು 2024ರಲ್ಲಿ ಶೇಕಡಾ 10ರಿಂದ 20ಕ್ಕೆ ಏರಿಸಿದಾಗ, ಓದಿದವರ ಶ್ರಮಕ್ಕೆ ಬೆಲೆಯೇನು ಎಂಬ ಆಕ್ಷೇಪ ಕೇಳಿಬಂತು. ಕೃಪೆ ಹೆಚ್ಚಲೆಂದು ಪಾಪದಲ್ಲೇ ಮುಂದುವರಿಯೋಣವೇ ಎಂಬ ಕುಹಕವನ್ನು ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲನೂ ಎದುರಿಸಿದ್ದಾನೆ. ಬಾಳು ಬದಲಾಗದೆ ಪಡೆಯುವ ಕ್ಷಮೆಯನ್ನು 1937ರಲ್ಲಿ ಜರ್ಮನ್ ದೇವತಾಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹೋಫರ್ ಅಗ್ಗದ ಕೃಪೆಯೆಂದು ಹಳಿದಿದ್ದಾನೆ.

ಕರುಣೆಯನ್ನು ಕೃಪೆಯಿಂದ ಬೇರ್ಪಡಿಸಲು ಪ್ರಸಂಗಪೀಠಗಳಲ್ಲಿ ಒಂದು ಸಿದ್ಧಸೂತ್ರ ಬಳಕೆಯಲ್ಲಿದೆ: ತಕ್ಕ ಶಿಕ್ಷೆ ತಪ್ಪುವುದು ಕರುಣೆ, ತಕ್ಕುದಲ್ಲದ ಒಳಿತು ದಕ್ಕುವುದು ಕೃಪೆ. ರಾಷ್ಟ್ರಪತಿಗೆ ಸಲ್ಲುವ ಕ್ಷಮಾದಾನದ ಅರ್ಜಿಗೆ ಇದು ಹೊಂದೀತು. ಬೈಬಲಿಗೆ ಅಷ್ಟಾಗಿ ಹೊಂದದು, ಏಕೆಂದರೆ ಅಲ್ಲಿನ ಕರುಣೆ ನ್ಯಾಯಾಸನದಿಂದ ಹೊರಡುವ ಆಜ್ಞೆಗಿಂತ ಒಡಲಿನಲ್ಲಿ ಏಳುವ ಸಂಕಟವಾಗಿದೆ. ಹೀಬ್ರೂವಿನ ‘ರಹಮೀಮ್’ ಗರ್ಭಕೋಶದ ಹೆಸರಿಗೆ ನಂಟಾದ ಶಬ್ದ. ಸುವಾರ್ತೆಗಳಲ್ಲಿ ಯೇಸು ಮರುಗಿದನೆನ್ನುವಾಗ ಬರುವ ಗ್ರೀಕ್ ಕ್ರಿಯಾಪದ ಕರುಳನ್ನು ಸೂಚಿಸುವ ನಾಮಪದದಿಂದ ಹುಟ್ಟಿದ್ದು. ಹೆತ್ತ ಕರುಳು, ಕರುಳು ಚುರುಕ್ಕೆಂದಿತು ಎನ್ನುವ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಲೂಕನ ಹದಿನೈದನೆಯ ಅಧ್ಯಾಯದಲ್ಲಿ, ಆಸ್ತಿಯ ಪಾಲು ಪಡೆದು ಹಾಳುಮಾಡಿ ಹಂದಿ ಕಾಯುವ ಸ್ಥಿತಿಗಿಳಿದ ಮಗನನ್ನು ದೂರದಿಂದ ಕಂಡ ತಂದೆಗೆ ಆಗುವುದು ಈ ಕರುಳಿನ ಕಲಕಾಟವೇ. ಮಗ ದಾರಿ ಹಿಡಿಯುವ ಮುನ್ನವೇ ಮಾತುಗಳನ್ನು ಕಟ್ಟಿಕೊಂಡಿದ್ದಾನೆ: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಂತೆ ಇರಿಸಿಕೋ. ಮೂರನೆಯದು ನಿಜವಾಗಿ ಕೃಪಾಂಕದ ಕೋರಿಕೆ, ದುಡಿದು ತೀರಿಸಲು ಒಂದು ಅವಕಾಶ. ತಂದೆಯ ಎದುರಿಗೆ ಅವನು ಮೊದಲೆರಡನ್ನು ಹೇಳುವಷ್ಟರಲ್ಲೇ ನಿಲುವಂಗಿಗೆ, ಉಂಗುರಕ್ಕೆ, ಕೆರಕ್ಕೆ ಅಪ್ಪಣೆಯಾಗಿಬಿಡುತ್ತದೆ. ಮೂರನೆಯದು ಬಾಯಿಯಿಂದ ಹೊರಬರುವುದೇ ಇಲ್ಲ. ಅಪ್ಪುಗೆ ಮತ್ತು ಮುದ್ದು ತಪ್ಪೊಪ್ಪಿಗೆಗೂ ಮೊದಲೇ ಆಗಿಹೋಗಿದ್ದವು. ಕರುಣೆ ಎಲ್ಲಿ ಮುಗಿದು ಕೃಪೆ ಎಲ್ಲಿ ತೊಡಗಿತೆಂದು ಗೆರೆ ಎಳೆಯಲು ಇಲ್ಲಿ ಸ್ಥಳವಿಲ್ಲ. ಹೊಲದಿಂದ ಬಂದ ಹಿರಿಯ ಮಗ ಮಾತ್ರ, ಇಷ್ಟು ವರ್ಷ ದುಡಿದ ತನಗೆ ಒಂದು ಆಡಿನ ಮರಿಯೂ ಸಿಗಲಿಲ್ಲವೆಂದು ಬಾಗಿಲಾಚೆ ನಿಂತು ಲೆಕ್ಕ ಕೇಳುತ್ತಾನೆ. ಆ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ: ಕಿರಿಯವನು ಪಾಲು ಕೇಳಿದ ದಿನ ತಂದೆ ಆಸ್ತಿಯನ್ನು ಹಂಚಿದ್ದು ಇಬ್ಬರಿಗೂ ಎಂದು ಲೂಕ ಕತೆಯ ಆರಂಭದಲ್ಲೇ ಬರೆದಿದ್ದಾನೆ.