ಮನೆಯ ಸಾಲಕ್ಕೆ ಒಬ್ಬ ಮಗ

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಶ್ರೀನಿವಾಸಶಾಸ್ತ್ರಿಗಳು ತೀರಿಕೊಂಡಾಗ ಅವರ ಮಗ ವಿಶ್ವೇಶ್ವರಯ್ಯ ಇನ್ನೂ ಶಾಲಾ ಬಾಲಕ. ಕೈಹಿಡಿದವರು ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯ. ಅದೂ ಸಾಲದೆ, ಕೊಡಗಿನವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ಓದಿನ ಖರ್ಚು ಸರಿದೂಗಿಸಬೇಕಾಯಿತು. 1881ರಲ್ಲಿ ಬಿ.ಎ. ಮುಗಿಯಿತು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯಲ್ಲಿ ಮುಂದಿನ ಓದು.

1912ರಲ್ಲಿ ಮೈಸೂರಿನ ದಿವಾನಗಿರಿ ಒಪ್ಪುವ ಮುನ್ನ ಅವರು ನೆಂಟರಿಷ್ಟರನ್ನೆಲ್ಲ ಕರೆದು, ಯಾರೂ ಶಿಫಾರಸು ಕೇಳಿಕೊಂಡು ಬರಬಾರದೆಂದು ಮೊದಲೇ ಮಾತು ತೆಗೆದುಕೊಂಡರಂತೆ. ಶಾಲೆಗಳಲ್ಲಿ ಇದನ್ನು ಪ್ರಾಮಾಣಿಕತೆಯ ಕಥೆಯಾಗಿ ಹೇಳುತ್ತಾರೆ. ಬಂಧುಬಳಗದಲ್ಲಿ ಒಬ್ಬನೇ ಮೇಲೆ ಬಂದರೆ ಉಳಿದವರೆಲ್ಲ ಅವನ ಬಾಗಿಲಿಗೆ ಬರುವುದು ಎಷ್ಟು ಖಾತ್ರಿಯಾಗಿತ್ತು ಎಂಬುದೂ ಅದರಲ್ಲಿದೆ. ಬಾಗಿಲು ಹಾಕಲು ಅವರಿಗೆ ದಿವಾನ ಹುದ್ದೆಯ ನೆಪವಾದರೂ ಇತ್ತು.

ಸಂಬಳ ತರುವ ಒಬ್ಬನ ಮೇಲೆ ಇಡೀ ಮನೆ ನಿಂತರೆ ಅವನು ಸತ್ತಾಗ ಏನು ಗತಿ? ಮೈಸೂರು ಸಂಸ್ಥಾನ ಈ ಪ್ರಶ್ನೆಗೆ 1891ರಲ್ಲೇ ಉತ್ತರ ಹುಡುಕಿತ್ತು. ಸರ್ಕಾರಿ ನೌಕರರಿಗೆ ಜೀವವಿಮೆ ಕಡ್ಡಾಯವಾಯಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ (ಕೆಜಿಐಡಿ) ಅದರ ಮುಂದುವರಿಕೆ.

ಸಂಬಳವೇ ಕಾಣದ ಮನೆಗಳಲ್ಲಿ ಆಪತ್ತಿಗೆ ಒದಗುತ್ತಿದ್ದುದು ಜೀತ. ಮುದ್ದೇನಹಳ್ಳಿ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟಗಳೆಲ್ಲ 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದವು. ಇಲ್ಲಿನ ಮಳೆಯಾಶ್ರಿತ ಹೊಲಗಳಲ್ಲಿ ಒಂದು ವರ್ಷ ರಾಗಿ ಕೈಕೊಟ್ಟರೆ, ಅಕ್ಕನ ಮದುವೆ ನಿಶ್ಚಯವಾದರೆ, ತಂದೆ ಹಾಸಿಗೆ ಹಿಡಿದರೆ ಕೇರಿಯ ಮನೆಯವರು ಊರ ಗೌಡನ ಜಗಲಿಯ ಮುಂದೆ ನಿಲ್ಲಬೇಕಿತ್ತು. ಅಡವಿಡಲು ಒಡವೆಯಿಲ್ಲ, ಹೊಲದ ಪತ್ರವಿಲ್ಲ. ಹಾಗಾಗಿ ಮಗನನ್ನೇ ಇಡುತ್ತಿದ್ದರು. ಕೋಳಿ ಕೂಗುವ ಮೊದಲೇ ಕೊಟ್ಟಿಗೆಯ ಸಗಣಿ ಬಾಚುವುದರಿಂದ ಹುಡುಗನ ದಿನ ಶುರು. ಹೊತ್ತಿಗೆ ಮುದ್ದೆ, ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಬಟ್ಟೆ. ಲೆಕ್ಕದ ಪುಸ್ತಕ ಗೌಡನ ಮನೆಯಲ್ಲಿ. ಅದನ್ನು ಓದಬಲ್ಲವರು ಕೇರಿಯಲ್ಲಿ ಅಪರೂಪ.

ಹುಡುಗ ಓಡಿಹೋಗಬಹುದಿತ್ತಲ್ಲ? ಓಡಿದರೆ ಗೌಡನ ಆಳು ನೇರವಾಗಿ ಅಪ್ಪನ ಗುಡಿಸಲಿಗೆ ಬರುತ್ತಿದ್ದ. ಅಣ್ಣ ಬಿಟ್ಟ ಜಾಗಕ್ಕೆ ತಮ್ಮ ಹೋಗಬೇಕಾಗುತ್ತಿತ್ತು. ಕಾವಲುಗಾರನಿಲ್ಲದೆಯೂ ಅವನನ್ನು ಕೊಟ್ಟಿಗೆಯಲ್ಲಿ ಹಿಡಿದಿಟ್ಟದ್ದು ಈ ಹೆದರಿಕೆ. ಅಪ್ಪನ ಮೇಲೆ ಸಿಟ್ಟು ಬಂದರೂ ಆಡುವಂತಿಲ್ಲ, ಏಕೆಂದರೆ ಆ ಸಾಲದಲ್ಲೇ ಅಕ್ಕನ ತಾಳಿಯೂ ಬಂದಿದೆ. ಕರಾವಳಿಯ ಕಥೆಯಾದರೂ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಇದೇ ಸರಪಳಿ: ಸಾಲ ತೀರಿಸಲು ಕಾಫಿ ತೋಟಕ್ಕೆ ಮೊದಲು ಗಂಡುಮಕ್ಕಳು, ಆಮೇಲೆ ಮಗಳು ಬೆಳ್ಳಿ. ಅಪ್ಪನ ಸಾಲಕ್ಕೆ ಅತಿ ದುಬಾರಿ ಬೆಲೆ ತೆತ್ತವಳು ಅವಳೇ.

ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆ ಕಾದಂಬರಿ 1975ರಲ್ಲಿ ಸಿನಿಮಾ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು. 1976ರಲ್ಲಿ ಅದು ಕಾಯ್ದೆಯಾಯಿತು. ಜೀತದ ಸಾಲ ಕಾನೂನಿನ ಕಣ್ಣಲ್ಲಿ ಅಳಿಸಿಹೋಯಿತು. ದೇವರಾಜ ಅರಸು ಸರ್ಕಾರ ಬಡವರ ಸಾಲ ಪರಿಹಾರಕ್ಕೂ ಕಾಯ್ದೆ ತಂದಿತು. ಕರ್ನಾಟಕದಲ್ಲಿ ಗುರುತಿಸಲಾದ ಜೀತದಾಳುಗಳ ಸಂಖ್ಯೆ ಮುಂದೆ 60 ಸಾವಿರ ದಾಟಿತು.

ಬಿಡುಗಡೆಯಾದವನನ್ನು ಮನೆಯವರು ಹೇಗೆ ಬರಮಾಡಿಕೊಂಡರು ಎಂಬುದು ಸರ್ಕಾರಿ ಕಡತಗಳಿಗೆ ಬೇಕಿಲ್ಲದ ವಿಷಯ. ಸಾಲ ಅಳಿದರೂ ಸಾಲಕ್ಕೆ ದೂಡಿದ ಕಾರಣಗಳು ಹಾಗೇ ಇದ್ದವು, ಮುಂದಿನ ಆಪತ್ತಿಗೆ ಕೈಗಡ ಕೊಡುವ ಗೌಡ ಮಾತ್ರ ಇರಲಿಲ್ಲ. ಸಂಸಾರದ ಕಣ್ಣು ಮತ್ತೆ ದುಡಿಯಬಲ್ಲ ಮಗನ ಮೇಲೇ. 1978ರ ಪುನರ್ವಸತಿ ಯೋಜನೆಯಲ್ಲಿ ಒಬ್ಬರಿಗೆ ನಿಗದಿಯಾದ ಮೊತ್ತ 4,000 ರೂಪಾಯಿ. 2000ದ ಹೊತ್ತಿಗೆ 20,000.

ಗೌಡನ ಕೊಟ್ಟಿಗೆಯಲ್ಲಿದ್ದ ಜೀತ ಈಗ ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳಲ್ಲಿ ‘ಮುಂಗಡ’ ಎಂಬ ಹೆಸರಿನಲ್ಲಿ ಸಿಗುತ್ತದೆ. 2016ರಲ್ಲಿ ಪರಿಹಾರವನ್ನು 1 ಲಕ್ಷದಿಂದ 3 ಲಕ್ಷ ರೂಪಾಯಿವರೆಗೆ ಏರಿಸಲಾಯಿತು. ಆದರೆ ಬಿಡುಗಡೆಯಾದ ಕೂಡಲೇ ಕೈಗೆ ಬರುವಂತೆ ಇಟ್ಟದ್ದು ಅದರಲ್ಲಿ 20,000ದವರೆಗೆ ಮಾತ್ರ. ಉಳಿದದ್ದನ್ನು ಮಾಲೀಕನಿಗೆ ಶಿಕ್ಷೆಯಾಗುವುದಕ್ಕೆ ತಳುಕು ಹಾಕಿದರು. ಕೋರ್ಟು ವಾಯಿದೆಯ ಮೇಲೆ ವಾಯಿದೆ ಕೊಡಬಹುದು, ಮನೆಯ ಅಂಗಡಿ ಬಾಕಿ ಅಷ್ಟು ದಿನ ಕಾಯುವುದಿಲ್ಲ.