ಮನೆಗೆ ಸಿಸಿ ಕ್ಯಾಮೆರಾ: ಫಾರ್ವರ್ಡ್ ನಂಬಿ ಕೊಳ್ಳುವ ಮುನ್ನ ಈ ಲೆಕ್ಕ ನೋಡಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಕಳ್ಳತನದ ಸುದ್ದಿ ಬಂದರೆ ಸಾಕು, ಅದರ ಹಿಂದೆಯೇ ಕ್ಯಾಮೆರಾ ಜಾಹೀರಾತೂ ಬರುತ್ತದೆ. ‘ಇದೊಂದು ಹಾಕಿಸಿ, ನೆಮ್ಮದಿಯಾಗಿ ನಿದ್ದೆ ಮಾಡಿ’ ಎಂಬ ಧಾಟಿಯ ಸಂದೇಶಗಳು. ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ ಊರಿನಲ್ಲಿರುವ ಮನೆಗಳಲ್ಲಿ ಇಂಥ ಸಂದೇಶ ನೋಡಿದ ಕೂಡಲೇ ಆತಂಕ ಶುರುವಾಗುತ್ತದೆ. ಯಾವುದನ್ನು ಕೊಳ್ಳಬೇಕು? ಎಷ್ಟು ಕ್ಯಾಮೆರಾ ಬೇಕು? ಅಮ್ಮನಿಗೆ ಅದನ್ನು ನೋಡಲು ಬರುತ್ತದೆಯೇ?

ಕ್ಯಾಮೆರಾ ವಿಷಯದಲ್ಲಿ ದೊಡ್ಡ ತೊಂದರೆ ಒಂದೇ. ಅದು ಕೆಟ್ಟಾಗ ಸದ್ದು ಮಾಡುವುದಿಲ್ಲ. ಗೋಡೆಯ ಮೇಲೆ ಎಂದಿನಂತೆಯೇ ಕಾಣುತ್ತದೆ. ರೆಕಾರ್ಡಿಂಗ್ ನಿಂತು ತಿಂಗಳುಗಳಾಗಿವೆ ಎಂಬುದು ಬೀಗ ಒಡೆದ ಮರುದಿನವೇ ಗೊತ್ತಾಗುವುದು. ಆದ್ದರಿಂದ ತಂತ್ರಜ್ಞಾನ ಗೊತ್ತಿಲ್ಲದ ಕುಟುಂಬಕ್ಕೆ ಒಳ್ಳೆಯ ಕ್ಯಾಮೆರಾ ಎಂದರೆ ಹೆಚ್ಚು ಸೌಲಭ್ಯ ಇರುವುದಲ್ಲ. ಕೆಟ್ಟರೆ ಮನೆಯವರಿಗೇ ಗೊತ್ತಾಗುವಷ್ಟು ಸರಳವಾಗಿರುವುದು.

ನಂಬಿಕೆ 1: ಕ್ಯಾಮೆರಾ ಇದ್ದರೆ ಕಳ್ಳತನ ಆಗುವುದೇ ಇಲ್ಲ

ಇದು ಅರ್ಧ ಸತ್ಯ. ಬೇರೆ ಬೇರೆ ದೇಶಗಳಲ್ಲಿ 40 ವರ್ಷ ನಡೆದ ಸಿಸಿಟಿವಿ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶೆಯೊಂದು 2019ರಲ್ಲಿ ಪ್ರಕಟವಾಯಿತು. ಕ್ಯಾಮೆರಾ ಇದ್ದ ಜಾಗಗಳಲ್ಲಿ ಅಪರಾಧ ಸರಾಸರಿ ಸುಮಾರು ಶೇ. 13ರಷ್ಟು ಕಡಿಮೆಯಾಗಿತ್ತು. ಹೆಚ್ಚು ಪ್ರಯೋಜನ ಕಂಡದ್ದು ವಾಹನ ನಿಲುಗಡೆ ಜಾಗಗಳಲ್ಲಿ. ಅಂದರೆ ಉಪಯೋಗ ಇದೆ, ಪವಾಡ ಇಲ್ಲ.

ಕಳ್ಳನನ್ನು ತಡೆಯುವುದು ಗಟ್ಟಿ ಬಾಗಿಲು, ಒಳ್ಳೆಯ ಬೀಗ, ಹೊರಗಿನ ದೀಪ ಮತ್ತು ಎಚ್ಚರದ ನೆರೆಮನೆಯವರು. ಆದದ್ದನ್ನು ದಾಖಲಿಸುವುದು ಕ್ಯಾಮೆರಾ. ನಿಮ್ಮಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಮೊದಲು ಹಿತ್ತಿಲ ಬಾಗಿಲ ಚಿಲಕ ಸರಿಪಡಿಸಿ.

ನಂಬಿಕೆ 2: ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟೂ ಮುಖ ಸ್ಪಷ್ಟ

ಅಪರಿಚಿತ ಮುಖವನ್ನು ಖಚಿತವಾಗಿ ಗುರುತಿಸಲು ಒಂದು ಮೀಟರ್ ಅಗಲದ ದೃಶ್ಯಕ್ಕೆ ಸುಮಾರು 250 ಪಿಕ್ಸೆಲ್ ಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್ ಇರುತ್ತದೆ. 1920ನ್ನು 250ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಏಳೂವರೆ ಮೀಟರ್. ಚಿತ್ರದ ಅಗಲ ಅಷ್ಟರೊಳಗಿದ್ದರೆ ಮಾತ್ರ ಮುಖ ಗುರುತು ಸಿಗುತ್ತದೆ.

ಮನೆಗಳಿಗೆ ಸಾಮಾನ್ಯವಾಗಿ ಹಾಕುವ 2.8 ಮಿ.ಮೀ. ಲೆನ್ಸ್ ತುಂಬಾ ಅಗಲವಾಗಿ ನೋಡುತ್ತದೆ. ಅದರಲ್ಲಿ 3 ಮೀಟರ್ ದೂರಕ್ಕೇ ಈ ಮಿತಿ ಮುಗಿಯುತ್ತದೆ. 4 ಮೆಗಾಪಿಕ್ಸೆಲ್‌ಗೆ ಏರಿದರೂ ಸಿಗುವುದು ಹೆಚ್ಚೆಂದರೆ ಇನ್ನೊಂದು ಮೀಟರ್. ಅದೇ 2 ಮೆಗಾಪಿಕ್ಸೆಲ್ ಕ್ಯಾಮೆರಾಗೆ 6 ಮಿ.ಮೀ. ಲೆನ್ಸ್ ಇದ್ದರೆ ಸುಮಾರು 7–8 ಮೀಟರ್ ದೂರದ ಗೇಟಿನಲ್ಲಿ ನಿಂತವರ ಮುಖವೂ ಸಿಗುತ್ತದೆ. ಆದರೆ ಅಕ್ಕಪಕ್ಕ ಕಾಣುವುದು ಕಡಿಮೆ.

ಅಂಗಡಿಯಲ್ಲಿ ‘ಎಷ್ಟು ಮೆಗಾಪಿಕ್ಸೆಲ್’ ಎಂದಷ್ಟೇ ಕೇಳಬೇಡಿ. ‘ನಮ್ಮ ಗೇಟು ಕ್ಯಾಮೆರಾದಿಂದ 20 ಅಡಿ ದೂರ, ಅಲ್ಲಿ ನಿಂತವರ ಮುಖ ಗೊತ್ತಾಗಬೇಕು, ಯಾವ ಲೆನ್ಸ್ ಕೊಡುತ್ತೀರಿ’ ಎಂದು ಕೇಳಿ. ಬಾಗಿಲಿನ ಕ್ಯಾಮೆರಾವನ್ನು ಎಂಟರಿಂದ ಒಂಬತ್ತು ಅಡಿ ಎತ್ತರದಲ್ಲಿ ಹಾಕಿಸಿದರೆ ಸಾಕು. ತಾರಸಿ ಅಂಚಿಗೆ ಹಾಕಿಸಿದರೆ ಮುಖದ ಬದಲು ಬರೀ ತಲೆ, ಟೋಪಿ ಕಾಣುತ್ತವೆ.

ನಂಬಿಕೆ 3: ಇಂಟರ್ನೆಟ್ ಇಲ್ಲದಿದ್ದರೆ ಕ್ಯಾಮೆರಾ ದಂಡ

ಹಾಗೇನಿಲ್ಲ. ಮೆಮೊರಿ ಕಾರ್ಡ್ ಅಥವಾ ಡಿವಿಆರ್ ಇರುವ ಕ್ಯಾಮೆರಾ ಇಂಟರ್ನೆಟ್ ಇಲ್ಲದೆಯೂ ರೆಕಾರ್ಡ್ ಮಾಡುತ್ತದೆ. ಬೆಂಗಳೂರಿನಲ್ಲಿ ಕೂತು ಗುಬ್ಬಿಯ ಮನೆ ನೋಡಬೇಕಾದರೆ, ಫೋನಿಗೆ ಎಚ್ಚರಿಕೆ ಬರಬೇಕಾದರೆ ಮಾತ್ರ ಇಂಟರ್ನೆಟ್ ಬೇಕು. ಇಂಟರ್ನೆಟ್ ಇಲ್ಲದಿದ್ದರೆ ರೆಕಾರ್ಡಿಂಗ್ ಕೂಡ ಇಲ್ಲ ಎನ್ನುವ, ಎಲ್ಲವನ್ನೂ ತಿಂಗಳ ಚಂದಾ ಕಟ್ಟಿ ಕ್ಲೌಡ್‌ನಲ್ಲೇ ಇಡುವ ಮಾದರಿಗಳೂ ಇವೆ. ಚಂದಾ ನಿಲ್ಲಿಸಿದರೆ ಏನು ಉಳಿಯುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಮೊಬೈಲ್ ಡೇಟಾದಲ್ಲಿ ನೇರ ದೃಶ್ಯ ನೋಡುವುದಾದರೆ ಖರ್ಚಿನ ಅಂದಾಜಿರಲಿ. ಸೆಕೆಂಡಿಗೆ 1 ಮೆಗಾಬಿಟ್ ವೇಗದ ವಿಡಿಯೊ ಗಂಟೆಗೆ ಸುಮಾರು 450 ಎಂಬಿ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಮೂರು ಗಂಟೆ ಚಿಲ್ಲರೆಗೆ ಖಾಲಿ.

ಯಾವ ಮನೆಗೆ ಯಾವುದು?

ಬಾಡಿಗೆ ಮನೆ, ಸಣ್ಣ ಮನೆ: ತುಮಕೂರಿನ ಎಸ್‌.ಎಸ್. ಪುರಂ ಅಥವಾ ಕ್ಯಾತ್ಸಂದ್ರದಲ್ಲಿ ಎರಡು ಕೋಣೆಯ ಮನೆ ಎಂದುಕೊಳ್ಳಿ. ಮೆಮೊರಿ ಕಾರ್ಡ್ ಹಾಕುವ ಒಂದು ವೈಫೈ ಕ್ಯಾಮೆರಾ ಬಾಗಿಲಿಗೆ ಸಾಕು. ಗೋಡೆ ಕೊರೆಯುವ ಕೆಲಸ ಕಡಿಮೆ, ಮನೆ ಬದಲಿಸಿದರೆ ಬಿಚ್ಚಿಕೊಂಡು ಹೋಗಬಹುದು. ಕಾರ್ಡ್ ಕೊಳ್ಳುವಾಗ ಸತತ ರೆಕಾರ್ಡಿಂಗ್‌ಗೆಂದೇ ತಯಾರಿಸಿದ್ದನ್ನು ಕೇಳಿ. ಮಾಮೂಲಿ ಕಾರ್ಡ್ ಹಗಲು ರಾತ್ರಿ ಬರೆಸಿಕೊಂಡು ಬೇಗ ಸವೆಯುತ್ತದೆ. ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 11 ಜಿಬಿ ತುಂಬುತ್ತದೆ. 64 ಜಿಬಿ ಕಾರ್ಡಿನಲ್ಲಿ ಐದು ದಿನ, 128 ಜಿಬಿಯಲ್ಲಿ ಹತ್ತು ದಿನ ಉಳಿಯುತ್ತದೆ. ಆಮೇಲೆ ಹಳೆಯದರ ಮೇಲೆ ಹೊಸದು ಬರುತ್ತದೆ. ಈ ಮಾದರಿಗೆ ಒಂದು ಕೊರತೆಯಿದೆ: ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದರೆ ಕಾರ್ಡೂ ಹೋಗುತ್ತದೆ. ಕೈಗೆ ಎಟುಕದ ಜಾಗಕ್ಕೆ ಹಾಕಿಸಿ.

ಸ್ವಂತ ಮನೆ, ಅಂಗಡಿ: ಮೂರ್ನಾಲ್ಕು ಕ್ಯಾಮೆರಾ ಬೇಕಿದ್ದರೆ ತಂತಿ ಎಳೆದ ವ್ಯವಸ್ಥೆಯೇ ಮೇಲು. ವೈಫೈ ದಪ್ಪ ಗೋಡೆ ದಾಟುವಾಗ ಸೊರಗುತ್ತದೆ, ಪಾಸ್‌ವರ್ಡ್ ಬದಲಾದರೆ ಎಲ್ಲ ಕ್ಯಾಮೆರಾ ಒಟ್ಟಿಗೆ ನಿಲ್ಲುತ್ತವೆ. ತಂತಿಗೆ ಆ ರಗಳೆ ಇಲ್ಲ. ನಾಲ್ಕು ಕ್ಯಾಮೆರಾ, ತಲಾ ಸೆಕೆಂಡಿಗೆ 1 ಮೆಗಾಬಿಟ್ ಆದರೆ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಸುಮಾರು 23 ದಿನ, 2 ಮೆಗಾಬಿಟ್ ಆದರೆ 11 ದಿನ ಉಳಿಯುತ್ತದೆ. ಡಿವಿಆರ್ ಅನ್ನು ಟಿವಿ ಪಕ್ಕದಲ್ಲಿ ಇಡಬೇಡಿ. ಗಾಳಿಯಾಡುವ, ಕಣ್ಣಿಗೆ ಬೀಳದ ಜಾಗದಲ್ಲಿ ಬೀಗ ಹಾಕಿ ಇಡಿ. ಅದು ಹೋದರೆ ದಾಖಲೆಯೆಲ್ಲವೂ ಹೋದಂತೆ.

ಛತ್ರ, ದೊಡ್ಡ ಅಂಗಡಿ ನಡೆಸುವವರಿಗೆ ಇದು ಇಷ್ಟ ಬಂದರೆ ಮಾಡುವ ಕೆಲಸವಲ್ಲ. ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಉಳಿಸಬೇಕು ಎಂದು ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳ) ಜಾರಿ ಅಧಿನಿಯಮ, 2017 ಹೇಳುತ್ತದೆ.

ತೋಟದ ಮನೆ: ತೆಂಗು, ಅಡಿಕೆ ತೋಟದಲ್ಲಿ ವೈಫೈ ಇರುವುದಿಲ್ಲ, ಪಂಪ್‌ಸೆಟ್ ಲೈನಿನಲ್ಲಿ ಇಡೀ ದಿನ ಕರೆಂಟೂ ಇರುವುದಿಲ್ಲ. ಅಲ್ಲಿ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಹೊಂದುತ್ತದೆ. ಕೊಳ್ಳುವ ಮೊದಲು ಅದೇ ಕಂಬದ ಬಳಿ ನಿಂತು ನಿಮ್ಮ ಫೋನಿನಲ್ಲಿ ಒಂದು ವಿಡಿಯೊ ಕರೆ ಮಾಡಿ ನೋಡಿ. ಕರೆ ತಡವರಿಸಿದರೆ ಕ್ಯಾಮೆರಾವೂ ತಡವರಿಸುತ್ತದೆ. ಇಂಥವು ಬ್ಯಾಟರಿ ಉಳಿಸಲು ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುತ್ತವೆ ಎಂಬುದೂ ಗೊತ್ತಿರಲಿ. ಸಿಮ್ ರೀಚಾರ್ಜ್ ಮರೆತರೆ ಎಚ್ಚರಿಕೆ ಬರುವುದು ನಿಲ್ಲುತ್ತದೆ.

ತೋಟದ ಕ್ಯಾಮೆರಾದಲ್ಲಿ ಕಳ್ಳನಿಗಿಂತ ಮೊದಲು ಚಿರತೆ ಕಾಣಬಹುದು. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಜನ ಬಲಿಯಾದದ್ದು ಈ ಭಾಗದವರು ಮರೆತಿಲ್ಲ. ಚಿರತೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಕ್ಯಾಮೆರಾ ಇದೆಯೆಂದು ಕೊಟ್ಟಿಗೆಯ ಬಾಗಿಲು ತೆರೆದಿಡಬೇಡಿ, ಕತ್ತಲಲ್ಲಿ ಒಬ್ಬರೇ ನೋಡಲು ಹೋಗಬೇಡಿ.

ಕರೆಂಟ್ ಹೋದರೆ? ಬಿಲ್ ಬಂದರೆ?

ಕಳ್ಳನಿಗೆ ಮೇನ್ ಸ್ವಿಚ್ ಆರಿಸುವುದು ಕಷ್ಟವಲ್ಲ. ಕ್ಯಾಮೆರಾ, ಡಿವಿಆರ್, ಇಂಟರ್ನೆಟ್ ಬಾಕ್ಸ್ ಮೂರನ್ನೂ ಯುಪಿಎಸ್‌ಗೆ ಸೇರಿಸಿ. ಒಂದನ್ನು ಬಿಟ್ಟರೂ ಸರಪಳಿ ಕಡಿಯುತ್ತದೆ.

5 ವಾಟ್‌ನ ಒಂದು ಕ್ಯಾಮೆರಾ ತಿಂಗಳಿಗೆ ನಾಲ್ಕು ಯೂನಿಟ್‌ಗೂ ಕಡಿಮೆ. ಆದರೆ ನಾಲ್ಕು ಕ್ಯಾಮೆರಾ ಮತ್ತು ಡಿವಿಆರ್ ಸೇರಿ 40 ವಾಟ್ ಆದರೆ ತಿಂಗಳಿಗೆ ಸುಮಾರು 29 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಹಳೆಯ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿರುತ್ತದೆ. ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಿತಿಯ ಅಂಚಿನಲ್ಲಿರುವ ಮನೆಯವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪಾಸ್‌ವರ್ಡ್ ಯಾರ ಹತ್ತಿರ ಇದೆ?

2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದು ಮಾಡಿದ್ದು ಇಷ್ಟೇ: ಕಂಪನಿಯವರು ಇಟ್ಟಿದ್ದ, ಯಾರೂ ಬದಲಿಸದ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದ್ದು.

ನಮ್ಮ ಮನೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ತೊಂದರೆ ಬೇರೆ. ಕ್ಯಾಮೆರಾ ಹಾಕಲು ಬಂದ ಹುಡುಗ ತನ್ನದೇ ನಂಬರಿನಲ್ಲಿ ಖಾತೆ ತೆರೆದು ಹೋಗಿರುತ್ತಾನೆ. ನಾಳೆ ಅವನು ಕೆಲಸ ಬಿಟ್ಟರೆ ನಿಮ್ಮ ಮನೆಯ ಕ್ಯಾಮೆರಾ ನಿಮಗೇ ತೆರೆಯುವುದಿಲ್ಲ. ಖಾತೆ ಮನೆಯವರ ನಂಬರಿನಲ್ಲೇ ಇರಲಿ, ಪಾಸ್‌ವರ್ಡ್ ಅನ್ನು ಅವರ ಎದುರಿಗೇ ಬದಲಿಸಿ, ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿ ಇಡಿ. ಮಗಳಿಗೋ ಮಗನಿಗೋ ನೋಡಲು ಆ್ಯಪ್‌ನಲ್ಲಿರುವ ‘ಶೇರ್’ ಸೌಲಭ್ಯ ಬಳಸಿ.

2025ರ ಏಪ್ರಿಲ್ 9ರಿಂದ ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆಯೂ ಕಡ್ಡಾಯ. ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಲ್ ಕೇಳಿ ಪಡೆಯಿರಿ. ಹೆಸರಿಲ್ಲದ ಬಲ್ಬ್ ಕ್ಯಾಮೆರಾ ಎಷ್ಟೇ ಅಗ್ಗವಾದರೂ ಬೇಡ.

ಎಲ್ಲಿ ಹಾಕಬಾರದು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಿಮ್ಮ ಕ್ಯಾಮೆರಾ ನಿಮ್ಮ ಬಾಗಿಲು, ಗೇಟು ನೋಡಲಿ. ಪಕ್ಕದ ಮನೆಯ ಕಿಟಕಿ, ಬಾಡಿಗೆಯವರ ವರಾಂಡ ನೋಡುವುದು ಬೇಡ. ಸ್ನಾನದ ಮನೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಮೆರಾ ಇಡುವುದು ಅಪರಾಧ. ಅಪ್ಪ-ಅಮ್ಮನ ಕ್ಷೇಮಕ್ಕೆಂದು ಹಜಾರದಲ್ಲಿ ಹಾಕುವುದಾದರೂ ಮೊದಲು ಅವರನ್ನೇ ಕೇಳಿ. ತಮ್ಮ ಮನೆಯಲ್ಲೇ ಸದಾ ಯಾರೋ ನೋಡುತ್ತಿದ್ದಾರೆ ಎನಿಸಿದರೆ ಅವರು ಪ್ಲಗ್ ಕೀಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

ಕಳ್ಳತನ ಆದರೆ ಏನು ಮಾಡಬೇಕು?

ಮೊದಲು 112ಕ್ಕೆ ಕರೆ ಮಾಡಿ. ಹಳೆಯ ದೃಶ್ಯ ಅಳಿಸಿ ಹೋಗುವ ಮೊದಲು ಪೊಲೀಸರಿಗೆ ತೋರಿಸಿ, ಪ್ರತಿ ತೆಗೆಸಿ. ಮೂಲ ಕಾರ್ಡ್, ಡಿಸ್ಕ್ ಮುಟ್ಟದೆ ಹಾಗೇ ಇಡಿ. ಇಂಥ ದೃಶ್ಯದ ಪ್ರತಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಕ್ಯಾಮೆರಾದ ಗಡಿಯಾರ ತಪ್ಪು ತೋರಿಸುತ್ತಿದ್ದರೆ ಅದನ್ನೂ ಪೊಲೀಸರಿಗೆ ಹೇಳಿ.

ದೃಶ್ಯವನ್ನು ‘ಇವನೇ ಕಳ್ಳ’ ಎಂದು ಗುಂಪುಗಳಿಗೆ ಹಾಕಬೇಡಿ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿಸಿದ ವಿಡಿಯೊ ಸಿಸಿಟಿವಿ ದೃಶ್ಯದಂತೆಯೇ ಇತ್ತು. ಅದು ಕರಾಚಿಯಲ್ಲಿ ಜಾಗೃತಿಗಾಗಿ ತಯಾರಿಸಿದ ಚಿತ್ರದ ತುಂಡು, ನಟನೆ. ಆ ವರ್ಷದ ವದಂತಿಗಳ ನಡುವೆ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರನ್ನು ಗುಂಪುಗಳು ಹೊಡೆದು ಕೊಂದವು. ಮಸುಕಾದ ಮುಖವೊಂದು ಯಾರದ್ದೋ ಪ್ರಾಣ ತೆಗೆಯಬಹುದು.

ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ

ಬಿ.ಎಚ್. ರಸ್ತೆಯ ಅಂಗಡಿಯಾಗಲಿ, ಊರಿನ ಪರಿಚಯದವರಾಗಲಿ, ಹಣ ಕೊಡುವ ಮೊದಲು ಮನೆಯಲ್ಲಿ ಇರುವವರ ಕೈಗೇ ಫೋನ್ ಕೊಡಿ. ಮಕ್ಕಳ ಕೈಗಲ್ಲ, ಅಮ್ಮನ ಕೈಗೆ. ಅವರೇ ಮೂರು ಕೆಲಸ ಮಾಡಲಿ: ಈಗಿನ ದೃಶ್ಯ ತೆರೆಯುವುದು, ನಿನ್ನೆ ಸಂಜೆ 4 ಗಂಟೆಯ ದೃಶ್ಯ ಹುಡುಕುವುದು, ಅದರ ಒಂದು ತುಂಡನ್ನು ಫೋನಿಗೆ ಇಳಿಸುವುದು. ಎರಡು ಸಲ ತೋರಿಸಿಕೊಟ್ಟ ಮೇಲೂ ಆಗದಿದ್ದರೆ ಆ ಆ್ಯಪ್ ನಿಮ್ಮ ಮನೆಗೆ ಸರಿಯಿಲ್ಲ, ಇನ್ನೊಂದು ನೋಡಿ.

ಹಾಕಿಸಿದ ಮೇಲೆ ಪ್ರತಿ ಭಾನುವಾರ ಐದು ನಿಮಿಷ ಇದಕ್ಕೆಂದು ಇಡಿ. ನಿನ್ನೆ ರಾತ್ರಿಯ ದೃಶ್ಯ ಬಂದಿದೆಯೇ, ದಿನಾಂಕ-ಸಮಯ ಸರಿಯಿದೆಯೇ ನೋಡಿ, ಲೆನ್ಸ್ ಮೇಲಿನ ಜೇಡರ ಬಲೆ ಒರೆಸಿ. ರಾತ್ರಿ ಕ್ಯಾಮೆರಾದ ಅತಿಗೆಂಪು ಬೆಳಕು ಆ ಬಲೆಗೆ ಬಡಿದು ಚಿತ್ರವೆಲ್ಲ ಬೆಳ್ಳಗಾಗಿಬಿಡುತ್ತದೆ. ಬೆಂಗಳೂರಿನಲ್ಲಿರುವ ಮಕ್ಕಳು ವಾರದ ಫೋನ್ ಕರೆಯಲ್ಲಿ ‘ಊಟ ಆಯ್ತಾ’ ಎಂದ ಮೇಲೆ ‘ಕ್ಯಾಮೆರಾ ನೋಡಿದ್ರಾ’ ಎಂದು ಒಂದು ಮಾತು ಕೇಳಿದರೆ ಸಾಕು.

ಈ ಲೇಖನವನ್ನು ಹಂಚಿಕೊಳ್ಳುವುದಾದರೆ ಕ್ಯಾಮೆರಾ ಕೊಳ್ಳಲು ಹೊರಟವರಿಗಷ್ಟೇ ಅಲ್ಲ, ಈಗಾಗಲೇ ಹಾಕಿಸಿರುವವರಿಗೂ ಕಳಿಸಿ. ನಿನ್ನೆ ರಾತ್ರಿಯ ದೃಶ್ಯ ಇದೆಯೇ ಎಂದು ಅವರು ಇವತ್ತೇ ಒಮ್ಮೆ ನೋಡಿಕೊಳ್ಳಲಿ.